ಕರಿಗೌನಿನ ಚೀಲ

ದೊಡ್ಡನೆಕ್ಕುಂದಿಯ ಸತ್ಯವತಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಎಂಬತ್ಮೂರನೇ ಇಸವಿಯಲ್ಲಿ, ವಕೀಲ ಪಟ್ಟಾಭಿರಾಮರ ಕಚೇರಿಗೆ ಸೀತಾಲಕ್ಷ್ಮಿ ಕೆಲಸ ಕಲಿಯಲು ಬಂದಾಗ. ಅಲ್ಲಿಯವರೆಗೆ ಸತ್ಯವತಿ ಒಳ್ಳೆಯವಳೇ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಟೈಪಿಂಗ್ ಪಾಸು ಮಾಡಿ, ವಕೀಲರ ಕೈಕೆಳಗೆ ಗುಮಾಸ್ತಿಕೆ ಕಲಿಯುತ್ತಿದ್ದಳು. ಅರ್ಜಿ ಬರೆಯುವುದು, ಕಡತ ಹೊಲಿಯುವುದು, ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ತಿಳಿಸುವ ಚಕ್ಕುಬಂದಿ ಬರೆದಿಳಿಸುವುದು ಎಲ್ಲಾ ಬರುತ್ತಿತ್ತು. ದಿನಾ ಬೆಳಿಗ್ಗೆ ವಕೀಲರ ಗೌನು ಮಡಿಸಿ ಚೀಲಕ್ಕಿಡುವವಳೂ ಅವಳೇ. ಆದರೆ ಆ ಚೀಲ ಹಿಡಿದು ಕೋರ್ಟಿನ ಬಸ್ಸು ಹತ್ತುವವನೇ ಪಕ್ಕಾ ಗುಮಾಸ್ತ ಎಂಬುದು ಕಚೇರಿಯ ಪದ್ಧತಿ. ಹಳೆಯ ಗುಮಾಸ್ತ ಶ್ಯಾಮಣ್ಣನಿಗೆ ಮಂಡಿನೋವು, ಯುಗಾದಿಗೆ ಕೆಲಸ ಬಿಡುತ್ತೇನೆ ಅಂದಿದ್ದ. ಸತ್ಯವತಿ ಚೀಲದ ಮೇಲೆ ಕಣ್ಣಿಟ್ಟು ಕೂತಿದ್ದಳು.

ಅಷ್ಟರಲ್ಲಿ ಈ ಸೀತಾಲಕ್ಷ್ಮಿ. ಬೇಗ ಕಲೀತಾಳೆ ಎಂದು ವಕೀಲರು ಹೊಗಳಿದ್ದೇ ತಡ, ಸತ್ಯವತಿಗೆ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಆ ಹುಡುಗಿಯ ನಗು, ಜಡೆ, ಟೈಪ್‌ರೈಟರಿನ ಮೇಲೆ ಬೆರಳು ಓಡುವ ಸದ್ದು, ಒಂದನ್ನೂ ಕಂಡರಾಗದು.

ಮುನಿಯಕ್ಕನೆಂಬ ಹೆಂಗಸಿನ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಪರಿಹಾರದ ಅರ್ಜಿಯನ್ನು ಸೀತಾಲಕ್ಷ್ಮಿ ಟೈಪ್ ಮಾಡಿದಳು. ತಾಳೆ ನೋಡುವಾಗ ಒಬ್ಬರು ಮೂಲವನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಓದಬೇಕು, ಇನ್ನೊಬ್ಬರು ಪ್ರತಿ ನೋಡಬೇಕು. ಸತ್ಯವತಿ ಬೇಕೆಂದೇ ಉಸಿರು ಬಿಡದೆ ಓದಿದಳು, ಪ್ರತಿ ಹಿಡಿದ ಸೀತಾಲಕ್ಷ್ಮಿಯ ಕಣ್ಣು ಹಿಂದೆ ಬಿತ್ತು. ಆಮೇಲೆ ಕಡತ ಹೊಲಿಯುತ್ತಾ ನೋಡಿದರೆ, ಚಕ್ಕುಬಂದಿಯಲ್ಲಿ ಪೂರ್ವದಲ್ಲಿರಬೇಕಾದ ಕೆರೆ ಪಶ್ಚಿಮಕ್ಕೆ ಹೋಗಿದೆ, ಪಶ್ಚಿಮದ ಬೈರಪ್ಪನ ತೋಟ ಪೂರ್ವಕ್ಕೆ ಬಂದು ಕೂತಿದೆ. ಅವಳ ಸೂಜಿ ಒಂದು ಗಳಿಗೆ ನಿಂತಿತು. ಆಮೇಲೆ ಯಾರಿಗೂ ಹೇಳದೆ ಹೊಲಿದು ಮುಗಿಸಿದಳು.

ಎರಡು ದಿನ ಬಿಟ್ಟು ವಕೀಲರು ಕೋರ್ಟಿನಿಂದ ಮುಖ ಗಂಟಿಕ್ಕಿಕೊಂಡು ಬಂದರು, ಹಿಂದೆಯೇ ಮುನಿಯಕ್ಕ. ಅರ್ಜಿ ವಾಪಸಾಗಿದೆ, ಹೊಸದು ಹಾಕಬೇಕು ಎಂದಷ್ಟೇ ಹೇಳಿದರು.

"ಇಂಗೆ ಇನ್ನೆಷ್ಟು ಸಲ ಅಲೀಲವ್ವಾ," ಎಂದು ಮುನಿಯಕ್ಕ ಬಾಗಿಲಲ್ಲೇ ಕುಸಿದು ಕೂತಳು.

ಸತ್ಯವತಿಗೆ ತಡೆಯಲಾಗಲಿಲ್ಲ. "ಪೂರ್ವ ಪಶ್ಚಿಮ ಅದಲು ಬದಲಾಗಿದೆ ಸಾರ್. ಸೀತಾಲಕ್ಷ್ಮಿ ಟೈಪ್ ಮಾಡಿದ್ದು."

ಪಟ್ಟಾಭಿರಾಮರು ಕನ್ನಡಕ ತೆಗೆದರು. "ಯಾವ ತಪ್ಪು ಅಂತ ನಾನಿನ್ನೂ ಹೇಳೇ ಇಲ್ವಲ್ಲಮ್ಮ."

ಸೀತಾಲಕ್ಷ್ಮಿ ಅಳುತ್ತಿದ್ದಳು. ಆ ಅಳುವನ್ನು ಕಂಡೂ ಸತ್ಯವತಿಗೆ ಹೊಟ್ಟೆಕಿಚ್ಚೇ ಆಯಿತು, ಏಕೆಂದರೆ ಅವಳಿಗೆ ಅಳುವ ಹಕ್ಕಿತ್ತು.

"ಯುಗಾದಿ ಆದ್ಮೇಲೆ ಚೀಲ ಸೀತಾಲಕ್ಷ್ಮಿ ಹಿಡೀಲಿ," ಎಂದರು ವಕೀಲರು. "ಅವಳಿಗೆ ತಪ್ಪು ಕಾಣ್ಲಿಲ್ಲ. ನಿನಗೆ ಕಾಣ್ತು."

ಯುಗಾದಿ ಕಳೆದ ಮೊದಲ ಬೆಳಿಗ್ಗೆ ಗೌನು ಮಡಿಸಿ ಚೀಲಕ್ಕಿಟ್ಟು, ದಾರ ಬಿಗಿದು, ಸೀತಾಲಕ್ಷ್ಮಿಯ ಕೈಗೆ ಕೊಟ್ಟವಳು ಸತ್ಯವತಿಯೇ.