ಕುಸುಮಕ್ಕನ ಪಥ್ಯ

ದಾರ್ಸೈಟಿನ ಕುಸುಮಕ್ಕನಿಗೆ ಬುದ್ಧಿ ಹೇಳಲು ಯಾರೂ ಹೋಗುತ್ತಿರಲಿಲ್ಲ. ಹೇಳಿದವರು ಮರುದಿನ ಅವಳ ಕೈಯಡುಗೆಯನ್ನೇ ಉಣ್ಣಬೇಕಲ್ಲ! ಮದುವೆಯಾಗಿ ಉಳ್ಳಾಲದಿಂದ ಒಮಾನಿನ ಈ ದಾರ್ಸೈಟಿಗೆ ಬಂದ ಲಾಗಾಯ್ತು ಪಕ್ಕದ ರುವಿಯ ಆಫೀಸುಗಳಿಗೆ ಬುತ್ತಿ ಕಳಿಸುತ್ತಿದ್ದವಳು ಅವಳು. ಅದಕ್ಕಿಂತ ದೊಡ್ಡ ಹೆಸರು ಬಾಣಂತನದಲ್ಲಿ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದಳೆಂದರೆ ಎಂಥ ರಚ್ಚೆಯ ಕೂಸೂ ತೊಟ್ಟಿಲು ಸೇರುವ ಮೊದಲೇ ನಿದ್ದೆ ಹೋಗುತ್ತಿತ್ತು.

ಕಂಡವರ ಮಕ್ಕಳನ್ನೆಲ್ಲ ಮೀಯಿಸಿದವಳಿಗೆ ಈಗ ಸ್ವಂತ ಮಗಳು ಅಕ್ಷಯಾ ಬಸುರಿ. ಅಷ್ಟರಲ್ಲಿ ಕುಸುಮಕ್ಕನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಸಲೀಸಾಗಿ ಮುಗಿಯಿತು. ಉಳಿದ ಚೂರುಪಾರನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಗುಳಿಗೆ ನುಂಗಬೇಕು ಎಂದರು ಡಾಕ್ಟರ್ ಸಮೀನಾ. ನುಂಗಿದ ಮೇಲೆ ಕೆಲವು ವಾರ ಬಸುರಿಯರ, ಎಳೆಮಕ್ಕಳ ಹತ್ತಿರ ಸುಳಿಯುವಂತಿಲ್ಲ. ಕುಸುಮಕ್ಕ ಬೆರಳು ಮಡಚಿ ವಾರ ಎಣಿಸಿದಳು. ಬೇಗ ನುಂಗಿದರೆ ಹೆರಿಗೆಯ ಹೊತ್ತಿಗೆ ಮೊಮ್ಮಗುವನ್ನು ಮೀಯಿಸಲು ಅವಳು ತಯಾರು.

ಆದರೆ ಮೊದಲು ಎರಡು ವಾರ ಪಥ್ಯ. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ, ಅಯೋಡಿನ್ ಬೆರೆಸಿದ ಉಪ್ಪಿಲ್ಲ.

"ಮೀನಿಲ್ಲದೆ ಎಂತ ಉಣ್ಣುದು?"

ಸೊಹಾರಿನಿಂದ ಬಂದಿದ್ದ ಮಗ ಲತೇಶ್ ನಕ್ಕ. ಪೈಪಿನ ಬೆಸುಗೆಯಲ್ಲಿ ಬಿರುಕಿದೆಯೋ ಎಂದು ಗಾಮಾ ಕಿರಣ ಹಾಯಿಸಿ ಫೋಟೊ ತೆಗೆಯುವುದು ಅಲ್ಲಿ ಅವನ ಕೆಲಸ. "ನಾನು ಕಬ್ಬಿಣದ ಒಳಗೆ ನೋಡ್ತೇನಲ್ಲ, ಅಂಥ ಕಿರಣವೇ ನಿಮ್ಮ ಗುಳಿಗೆಯಲ್ಲೂ ಉಂಟು ಅಮ್ಮ. ಆದ್ರೆ ಅದನ್ನು ನುಂಗ್ಲಿಕ್ಕೆ ಕುತ್ತಿಗೆಯಲ್ಲಿ ಉಳಿದ ಚೂರುಗಳಿಗೆ ಅಯೋಡಿನ್ನಿನ ಹಸಿವು ಬೇಕು. ಹೊಟ್ಟೆ ತುಂಬಿದವರಿಗೆ ನೀವು ಬಡಿಸಿದ್ರೆ ಉಣ್ತಾರಾ?"

"ನಾನು ಬಡಿಸಿದ್ರೆ ಉಣ್ತಾರೆ," ಎಂದಳು ಕುಸುಮಕ್ಕ.

ಆದರೂ ಪಥ್ಯ ಹಿಡಿದಳು. ಗಂಡ ಪ್ರೇಮನಾಥನ ತಟ್ಟೆಗೂ ಬಂಗುಡೆ ಬೀಳಲಿಲ್ಲ. ಗಂಜಿಯ ಬದಿಗೆ ಮಾತ್ರ ದಿನಾ ಒಂದಿಷ್ಟು ಒಣ ಸಿಗಡಿ ಚಟ್ನಿ.

"ಸಿಗಡಿಯೂ ಮೀನೇ ಅಲ್ವಾ ಮಾರಾಯ್ತಿ?" ಎಂದು ಪ್ರೇಮನಾಥ ಒಮ್ಮೆ ಕೇಳಿದ.

"ಇದು ಚಟ್ನಿ! ಅಡುಗೆ ನೀವು ನನಗೆ ಕಲಿಸ್ಬೇಡಿ." ಮಾತು ಅಲ್ಲಿಗೆ ಖಲಾಸ್.

ಗುಳಿಗೆಗೆ ಮೊದಲು ಮಾಡಿದ ಮೂತ್ರ ಪರೀಕ್ಷೆಯಲ್ಲಿ ಬೇಕಾದಷ್ಟು ಅಯೋಡಿನ್! ಡಾಕ್ಟರ್ ಸಮೀನಾ ತಿಂದದ್ದನ್ನೆಲ್ಲ ಹಿಂದಿಯಲ್ಲಿ ಒಂದೊಂದಾಗಿ ಕೇಳುತ್ತ ಚಟ್ನಿಗೆ ಬಂದು ತಲುಪಿದಾಗ ನಗು ತಡೆಯಲಾರದೆ ಕನ್ನಡಕ ತೆಗೆದರು. ಪಥ್ಯ ಮತ್ತೆ ಮೊದಲಿನಿಂದ; ಗುಳಿಗೆ ಮುಂದಕ್ಕೆ ಹೋಯಿತು, ಹೆರಿಗೆ ಹತ್ತಿರ ಬಂತು. ಕುಸುಮಕ್ಕನಿಗೆ ನಗು ಬರಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅತ್ತಳು. "ನಾನು ಹೇಳಿದ್ದೆ" ಎಂದು ಪ್ರೇಮನಾಥ ಅನ್ನಲಿಲ್ಲ. ಇಷ್ಟು ವರ್ಷದ ಸಂಸಾರ ಅವನಿಗೂ ಏನಾದರೂ ಕಲಿಸಿರಬೇಕಲ್ಲ.

ಹೆದರಿದ ಹಾಗೇ ಆಯಿತು. ಅವಳು ಗುಳಿಗೆ ನುಂಗಿ ಬಂದು ಮನೆಯಲ್ಲಿ ಒಬ್ಬಳೇ ಕೂತ ವಾರದಲ್ಲೇ ಅಲ್ ಮವಾಲೇಹ್‌ನಲ್ಲಿದ್ದ ಅಕ್ಷಯಾಳಿಗೆ ಹೆಣ್ಣು ಮಗು. ಹೊಕ್ಕುಳಬಳ್ಳಿ ಉದುರಿದ ಮೇಲೆ ಮೀಯಿಸುವವರು ಯಾರು? ಅಳಿಯ ಹೆದರಿ ಹಿಂದೆ ಸರಿದ. ಮಗಳ ಮನೆಗೆ ಬಂದಿದ್ದ ಪ್ರೇಮನಾಥ ಪಂಚೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತ. ಗೋಡೆಗೆ ಆನಿಸಿಟ್ಟ ಮೊಬೈಲಿನೊಳಗಿಂದ ಕುಸುಮಕ್ಕ ಕಿರುಚಿದಳು.

"ಮೆಲ್ಲ ತಿಕ್ಕಿ! ಅದು ಮಗು, ಕಾರಲ್ಲ!"

ದಿನ ಕಳೆದಂತೆ ಕಿರುಚಲು ಕಾರಣ ಕಡಿಮೆಯಾಗುತ್ತ ಬಂತು. ಅವಳಿಗೆ ಅದೇ ಹೆಚ್ಚಿನ ಸಂಕಟ.

ಸ್ಕ್ಯಾನಿನಲ್ಲಿ ಉಳಿದ ಚೂರುಗಳು ಗುಳಿಗೆಯನ್ನು ಹೊಟ್ಟೆತುಂಬ ಉಂಡದ್ದು ಕಾಣಿಸಿತ್ತು. ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದು ಡಾಕ್ಟರ್ ಹೇಳಿದ ದಿನವೇ ಕುಸುಮಕ್ಕ ಮಗಳ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಮಗುವನ್ನು ಕಾಲ ಮೇಲೆ ಮಲಗಿಸಿದ್ದೇ ತಡ, ಅದು ಕಿಟಾರನೆ ಕಿರುಚಿತು. ಬೆನ್ನು ತಟ್ಟಿದಳು, ಲಾಲಿ ಹೇಳಿದಳು. ಊಹೂಂ. ಅವಳ ಕಣ್ಣೂ ತುಂಬಿತು.

ಬಾಗಿಲಲ್ಲಿ ನಿಂತಿದ್ದ ಪ್ರೇಮನಾಥ ಕೆಮ್ಮಿದ. "ಎಡಗಾಲು ಸ್ವಲ್ಪ ಮೇಲೆ ಮಾಡು. ಅದಕ್ಕೆ ತಲೆ ಎತ್ತರ ಬೇಕು."

ಕುಸುಮಕ್ಕ ಗಂಡನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎಡಗಾಲು ಎತ್ತಿದಳು.

ಮಗು ಸುಮ್ಮನಾಯಿತು.

"ಅಲ್ಲೇ ಎಂತ ನಿಂತದ್ದು?" ಎಂದಳು ಕುಸುಮಕ್ಕ. "ಬನ್ನಿ, ನೀರಿನ ಹದ ನೋಡಿ ಹೇಳಿ."