ಬಾಗಿಲಲ್ಲಿ ಕೂತವಳು

ಲಗಮವ್ವನ ಬಗ್ಗೆ ಊರಿನಲ್ಲಿ ಮಾತು ಹಲವು. ಸಿಟ್ಟು ಬಂದವರು ‘ಇಲ್ಲದ್ದ ಹುಟ್ಟಸಾಕಿ’ ಎನ್ನುತ್ತಿದ್ದರು, ಬೇಕಾದವರು ‘ಹಾಡ ಛಲೋ ಕಟ್ಟತಾಳ’ ಎನ್ನುತ್ತಿದ್ದರು. ಶಾಲೆಯ ಮಾಸ್ತರರು ಒಮ್ಮೆ ‘ಕಲ್ಪನಾಶಕ್ತಿ’ ಎಂದಿದ್ದರು. ಆ ಮಾತಿಗೆ ಆಕೆಯ ನಾಲಿಗೆ ಹೊರಳಲಿಲ್ಲ. ಚಿಕ್ಕಪಡಸಲಗಿಯ ಆಚೆ ಈಚೆ ಯಾರ ಮನೆಯಲ್ಲಿ ಸಾವಾದರೂ ಹೆಣದ ಮುಂದೆ ಹಾಡಿಕೊಂಡು ಅಳಲು ಆಕೆಯನ್ನೇ ಕರೆಯುತ್ತಿದ್ದರು. ಹೆಂಡತಿಯನ್ನು ಬಡಿದವನೂ ಆಕೆಯ ಹಾಡಿನಲ್ಲಿ ಹೂವು ತಂದು ಮುಡಿಸುತ್ತಿದ್ದ. ಹಾಡದೆ ಹೆಣ ಎತ್ತಿದರೆ, ಸತ್ತವನಿಗೆ ತನ್ನವರು ಯಾರೂ ಇರಲಿಲ್ಲವೆಂದೇ ಲೆಕ್ಕ.

ಹೊಳೆಗೆ ಬ್ಯಾರೇಜ್ ಕಟ್ಟಿದ ಮರುವರ್ಷ, ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣ ಆಕೆಯ ಗಂಡ ಸಿದರಾಯನದೇ.

ಕುರಿಗಳ ಹಿಂದೆ ಹೋದನೆಂದರೆ ದೀಪಾವಳಿಯಿಂದ ಮುಂಗಾರಿನವರೆಗೆ ಅವನ ಮುಖ ಕಾಣುತ್ತಿರಲಿಲ್ಲ. ಬಂದರೆ ಕಂಬಳಿಯನ್ನು ಗೂಟಕ್ಕೆ ಹಾಕಿ, ‘ಮಳಿ ಆತೇನು?’ ಎಂದು ಕೇಳಿ ಮಲಗುತ್ತಿದ್ದ. ಮಂದಿಗೆಲ್ಲ ಕಟ್ಟಿ ಕಟ್ಟಿ ಲಗಮವ್ವ ದಣಿದಿದ್ದಳು. ಇವನ ಕೈಗೂ ಸುಳ್ಳು ಹೂವು ಕೊಡಲೇ?

“ಹಾಡ ಬೇ. ಎತ್ತಾಕ ನಿಂತಾರ,” ಎಂದಳು ಪಕ್ಕದ ಮನೆಯ ಸೋಮವ್ವ.

“ಏನ ಹಾಡ್ಲೆವ್ವಾ? ನನಗರೆ ಏನ ಗೊತ್ತೈತಿ?”

ಅವನ ಜೊತೆ ಕುರಿ ಕಾಯ್ದ ಹಾಲಸಿದ್ದಪ್ಪ ಹೊಸ್ತಿಲ ಹೊರಗೆ ಕೂತಿದ್ದ. ಆಕೆ ಅವನತ್ತ ತಿರುಗಿದಳು. “ಅಲ್ಲಿ ಅಡವ್ಯಾಗರೆ ಅವರು ಮಾತಾಡತಿದ್ರೇನಣ್ಣಾ?”

“ಅಯ್ಯ, ಬಾಯಿ ಮುಚ್ಚತಿರಲಿಲ್ಲ ತಂಗೀ. ಹೊತ್ತ ಮುಳುಗಿತಂದ್ರ ನಿಂದ ಕಥಿ. ‘ಈಗ ಒಲಿ ಆರಿಸಿದ್ಲು, ಈಗ ಬಾಗಿಲ್ದಾಗ ಕುಂತ ನನ್ನ ದಾರಿ ನೋಡಾಕತ್ತಾಳ’ ಅಂತಿದ್ದ. ‘ಹುಚ್ಚ ಹಿಡದೈತೇನಲೇ, ಕುರಿ ಎಣಸು’ ಅಂತ ನಾವು ನಗತಿದ್ವಿ.”

ಲಗಮವ್ವ ಒಂದು ದಿನವೂ ಬಾಗಿಲಲ್ಲಿ ಕೂತವಳಲ್ಲ. ಮಂದಿಯ ಹೊಲದಲ್ಲಿ ಕಳೆ ಕಿತ್ತು ಬಂದವಳಿಗೆ ಉಂಡ ಗಂಗಾಳ ತೊಳೆಯುವ ತ್ರಾಣವೂ ಉಳಿಯುತ್ತಿರಲಿಲ್ಲ, ಬಿದ್ದಲ್ಲೇ ನಿದ್ದೆ. ಅದು ಸೋಮವ್ವನಿಗೂ ಗೊತ್ತು.

ಲಗಮವ್ವ ಸೆರಗನ್ನು ಬಾಯಿಗೆ ಒತ್ತಿದಳು. ಬಿಟ್ಟಳು. ಸೋತ ದನಿಯಲ್ಲಿ ಎತ್ತಿಕೊಂಡಳು:

“ಒಲಿ ಆರಿಸಿ ಬಂದೇನೋ, ಬಾಗಿಲ್ದಾಗ ಕುಂತೇನೋ, ನಿನ್ನ ದಾರಿ ನೋಡೇನೋ ನನ್ನ ದೊರೀ...”

ಸೋಮವ್ವ ಒಂದು ಗಳಿಗೆ ಆಕೆಯ ಮುಖ ನೋಡಿದಳು. ಆಮೇಲೆ, “ನಾ ಕಂಡೇನೋ ಯಪ್ಪಾ, ದಿನಾ ಕಂಡೇನೋ,” ಎಂದು ದನಿಗೂಡಿಸಿದಳು.