ತಣ್ಣಗಿದ್ದ ಎಂಜಿನ್ನಿನೊಳಗಿನ ಮಾತು

ಇದನ್ನು ಹೇಳುವುದನ್ನು ಇಷ್ಟು ದಿನ ಮುಂದೂಡುತ್ತಲೇ ಬಂದೆ. ದೆವ್ವ, ಅಶರೀರವಾಣಿ ಎಂದವರನ್ನು ಕಂಡು ಮುಖದ ಮೇಲೇ ನಕ್ಕವನು ನಾನು. ಈಗ ನೀವು ನಗಬಹುದು. ಆದರೂ ಪೂರ್ತಿ ಹೇಳಿಯೇ ತೀರುತ್ತೇನೆ.

ನಾವು ದೆಹಲಿಯ ದ್ವಾರಕಾದಲ್ಲಿ ಮಗಳ ಮನೆಯಲ್ಲಿದ್ದೇವೆ. ಎರಡು ಚಳಿಗಾಲದ ಹಿಂದೆ, ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಮೊಮ್ಮಗಳು, "ತಾತಾ, ಚಲೋ, ನೀವಿಬ್ಬರೂ ರೇವಾಡಿ ಹೋಗಿ ಬನ್ನಿ. ಅಲ್ಲಿ ಸ್ಟೀಮ್ ಎಂಜಿನ್ ಮ್ಯೂಸಿಯಂ ಹೈ" ಎಂದು ಕಾರು ಗೊತ್ತುಮಾಡಿದಳು. ಮದುವೆಗೆ ಮುಂಚಿನಿಂದಲೂ ನಾನು ಊರ ಕಡೆ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವನು. ನನಗೆ ಹೋಗಲು ಮನಸ್ಸಿರಲಿಲ್ಲ. ಹೆಂಡತಿ ಸರೋಜ ಬಿಡಲಿಲ್ಲ. "ತವರಿಗೆ ಕರ್ಕೊಂಡು ಹೋಗಿ ಅಂದಾಗೆಲ್ಲ ಡ್ಯೂಟಿ ಅಂದ್ರಿ. ಆ ಸವತಿನ ಒಂದ್ಸಲ ನೋಡ್ಲೇಬೇಕು ರೀ."

ಅಲ್ಲಿ ಒಂದು ಎಂಜಿನ್ನಿಗೆ ಬೆಂಕಿ ಹಾಕಿದ್ದರು. ಜನರೆಲ್ಲ ಅದರ ಸುತ್ತ ಇದ್ದರು. ನಾನು ದೂರದಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಇನ್ನೊಂದನ್ನು ಹತ್ತಿ ಫೈರ್‌ಮನ್ ಕೂರುವ ಕಡೆ ಸ್ವಲ್ಪ ಹೊತ್ತು ಕೂತೆ. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಒಳಗೆ ಯಾರೂ ಇರಲಿಲ್ಲ, ನಾನು ಬಾಯಿ ತೆರೆಯಲಿಲ್ಲ, ನನಗೆ ಏನೂ ಕೇಳಿಸಲೂ ಇಲ್ಲ.

ಕೆಳಗಿಳಿದಾಗ ಸರೋಜ ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. "ಅವರು ಇಳಿಯಲ್ವಾ?"

"ಯಾರು?"

"ಒಳಗೆ ಮಾತಾಡ್ತಿದ್ರಲ್ಲ, ನಮ್ಮ ಕಡೆಯೋರು. 'ತಮ್ಮಾ, ಗ್ಲಾಸ್ ನಂಬಬೇಡ, ನಲ್ಲಿ ಬಿಟ್ಟು ನೋಡು' ಅಂದ್ರು. ಅದ್ಯಾವ ಗ್ಲಾಸು, ಟೀ ಮಾರೋ ಭಯ್ಯಾ ಹತ್ರ ಟೀ ತರಿಸಿದ್ರಾ?"

ಮತ್ತೆ ಹತ್ತಿ ನೋಡಿದೆ. ಇಬ್ಬರೂ ಎಂಜಿನ್ ಸುತ್ತ ಬಂದೆವು. ಆಚೆ ಬರೀ ಬಯಲು.

ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆಗೆ ನಾವು ಗ್ಲಾಸ್ ಎನ್ನುತ್ತಿದ್ದೆವು. ಅದರಲ್ಲಿ ಕೆಸರು ಕಟ್ಟಿದರೆ ಇಲ್ಲದ ನೀರು ಇದ್ದಂತೆ ಕಾಣುತ್ತದೆ. ಅದಕ್ಕೇ ಕೆಳಗಿನ ನಲ್ಲಿ ಬಿಟ್ಟು ಪರೀಕ್ಷಿಸಬೇಕು. ನನ್ನ ಡ್ರೈವರ್ ಪ್ರತಿ ಸಲ ಹೊರಡುವಾಗ ನನಗೆ ಹೇಳುತ್ತಿದ್ದ ಮಾತೇ ಸರೋಜ ಕೇಳಿದ್ದು. ಅವರನ್ನು ಅವಳು ಕಂಡಿರಲಿಲ್ಲ. ಅವರ ವಿಷಯ ನಾನು ಮನೆಯಲ್ಲಿ ಎತ್ತಿದ್ದೇ ಇಲ್ಲ.

ಎತ್ತದಿರಲು ಕಾರಣವಿತ್ತು. ಒಂದು ದಿನ ಸೋಮಾರಿತನದಿಂದ ನಾನು ನಲ್ಲಿ ಬಿಡದೆ, "ನೋಡಿದೆ, ನೀರಿದೆ" ಎಂದುಬಿಟ್ಟೆ. ನೀರಿರಲಿಲ್ಲ. ಬಾಯ್ಲರ್ ಸುಟ್ಟುಹೋಯಿತು, ಗಾಡಿ ದಾರಿಯಲ್ಲೇ ನಿಂತಿತು. ವಿಚಾರಣೆಯಲ್ಲಿ, ನೀರು ಕಡಿಮೆ ಎಂದು ನಾನು ಎಚ್ಚರಿಸಿದರೂ ಡ್ರೈವರ್ ಕೇಳಲಿಲ್ಲ ಎಂದೆ. ಅವರು ನನ್ನನ್ನೊಮ್ಮೆ ನೋಡಿ ಸುಮ್ಮನಾದರು. ಮೇಲ್ ಗಾಡಿ ಓಡಿಸುತ್ತಿದ್ದವರನ್ನು ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಎಂಜಿನ್ನಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಎದುರಾದಾಗೆಲ್ಲ ನಾನು ದಾರಿ ಬದಲಿಸಿದೆ.

ಅಲ್ಲೇ ಬೆಂಚಿನ ಮೇಲೆ ಸರೋಜಳಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, "ನನ್ನ ಹತ್ರ ಅತ್ತರೆ ಏನ್ ಬಂತು? ಅವರ ಮನೆಗೆ ಹೋಗಿ ಹೇಳಿ" ಎಂದಳು.

ವಿಚಾರಿಸಿದೆ. ಅವರು ತೀರಿಕೊಂಡು ವರ್ಷಗಳಾಗಿವೆ, ಮಗಳಿದ್ದಾಳೆ. ಮಂಡಿನೋವಿನ ನೆಪ ಹೇಳಿ ಎರಡು ವರ್ಷ ಕಳೆದೆ. ಇನ್ನು ಕಳೆಯುವುದಿಲ್ಲ. ಈ ವಾರ ಹೊರಡುತ್ತಿದ್ದೇನೆ. ಆಕೆ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ.

ನಿದ್ದೆಯಲ್ಲಿ ನಾನೇ ಎಂದಾದರೂ ಆ ಮಾತು ಕನವರಿಸಿದ್ದೆನೇ ಎಂದು ಸರೋಜಳನ್ನು ಕೇಳಿದ್ದೇನೆ. ಇಲ್ಲ ಎನ್ನುತ್ತಾಳೆ. ಅಂದಿನ ದನಿ ನನ್ನದಲ್ಲವಂತೆ, ಗೊಗ್ಗರು ದನಿಯಂತೆ. ಅವರದೂ ಗೊಗ್ಗರೇ. ನನಗೆ ಇದು ಇಂದಿಗೂ ಅರ್ಥವಾಗಿಲ್ಲ.

ವಿಚಾರಣೆಯಲ್ಲಿ ಅವರ ಹೆಸರೆತ್ತಲೂ ನನಗೆ ಬಾಯಿ ಬರಲಿಲ್ಲ. ಬರೀ 'ಡ್ರೈವರ್' ಎಂದು ಕೈ ತೋರಿಸಿದ್ದೆ. ಅವರ ಹೆಸರು ಚನ್ನವೀರಪ್ಪ.